ತೇರ್ಸಿನ ಗ್ರೂಪಿಗೆ ಹಾಕಿದ ಕೋರಿಕೆ

ಆ ಮೆಸೇಜು ಕಳಿಸಿದ ಹೆಬ್ಬೆರಳನ್ನು ಕತ್ತರಿಸಿ ಹಾಕಬೇಕು ಎಂದು ಆ ವಾರವಿಡೀ ನನಗೆ ಅನಿಸುತ್ತಿತ್ತು.

ನಾನು ಅಗಾತಾ. ಊರು ಶಿರ್ವ, ಇರುವುದು ದುಬೈಯ ಸತ್ವಾದ ಒಂದು ಹಳೆಯ ವಿಲ್ಲಾದಲ್ಲಿ, ಕೆಳಗಿನ ಎರಡು ಕೋಣೆಗಳಲ್ಲಿ. ಮೇಲಿನ ಕೋಣೆಗಳಲ್ಲಿ ನಮಗೆಲ್ಲ ಅಕ್ಕನಂತಿರುವ ಮೆಟಿಲ್ಡಾ ಬಾಯ್ ಮತ್ತು ಅವರ ಸಂಸಾರ. ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನನ್ನ ಗಂಡ ರುಡೊಲ್ಫನಿಗೆ ಐಸ್ ರಿಂಕಿನಲ್ಲಿ ಸ್ಕೇಟುಗಳ ಬ್ಲೇಡು ಹರಿತ ಮಾಡುವ ಕೆಲಸ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಒಳಗೆ ಈ ಮನುಷ್ಯ ಜಾಕೆಟು ಹಾಕಿ ಮೂಗು ಸುರಿಸುತ್ತಾ ಮೆಷಿನ್ನಿನ ಮುಂದೆ ನಿಂತಿರುತ್ತಾನೆ. ಊರಿನಿಂದ ನನ್ನ ಮಾವ ಒಮ್ಮೆ ಫೋನಿನಲ್ಲಿ, "ಅಷ್ಟು ದೊಡ್ಡ ಐಸು ಮಾಡಿ ಎಂತ ಮಾಡ್ತಾರೆ ಮಾರಾಯ್ತಿ, ಮೀನು ಇಡ್ಲಿಕ್ಕಾ?" ಎಂದು ಕೇಳಿದ್ದರು.

ರಿಂಕಿನ ಕೆಲಸದವರ ಮಕ್ಕಳಿಗೆ ಅಲ್ಲಿ ಆಡಲು ಬಿಡುತ್ತಾರೆ. ಹಾಗೆ ನಮ್ಮ ನತಾಶಾ ಐಸ್ ಹಾಕಿ ಟೀಮಿಗೆ ಸೇರಿದಳು. ಹನ್ನೆರಡು ವರ್ಷ, ಟೀಮಿನಲ್ಲಿ ಅವಳೊಬ್ಬಳೇ ಹುಡುಗಿ. ಕೋಚ್ ರಾಡೆಕ್ ಸರ್, ಸ್ಲೊವಾಕಿಯಾದವರು. ಹನ್ನೊಂದು ವರ್ಷ ದೊಡ್ಡ ಕ್ಲಬ್ಬುಗಳಿಗೆ ಆಡಿದವರಂತೆ. ಎದುರಾಳಿಯನ್ನು ಮೈಯಿಂದಲೇ ಗುದ್ದಿ ತಡೆಯುವುದು ಅವರ ಕೆಲಸವಾಗಿತ್ತು. ಮುಂದಿನ ನಾಲ್ಕು ಹಲ್ಲಿಲ್ಲ. ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುವುದಿಲ್ಲ. ಆದರೆ ಮಕ್ಕಳ ಜೊತೆ ಎಷ್ಟು ಮೆತ್ತಗೆ! ಹೊಸ ಮಕ್ಕಳಿಗೆ ಮೊದಲ ತಿಂಗಳು ಅವರು ಕಲಿಸುವುದು ಬೀಳುವುದನ್ನು. ಗದ್ದ ಎದೆಗೆ ಒತ್ತಿ ಹಿಡಿದು, ತಲೆ ನೆಲಕ್ಕೆ ತಾಗದ ಹಾಗೆ. ನತಾಶಾ ನಮ್ಮ ಹಾಸಿಗೆಯ ಮೇಲೆ ದಿನಕ್ಕೆ ಇಪ್ಪತ್ತು ಸಲ ಬಿದ್ದು ಮಂಚದ ಕಾಲು ಮುರಿದಿದ್ದಾಳೆ.

ಎರಡು ಸಾವಿರದ ಹದಿನಾರರ ಮೇ ತಿಂಗಳು. ಶಾಲೆಯಲ್ಲಿ 'ನನ್ನ ಹೀರೋ' ಎಂದು ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಸರ್ ಆಡುತ್ತಿದ್ದ ಕಾಲದ ಫೋಟೊ ಪ್ರಿಂಟ್ ತೆಗೆದುಕೊಂಡು ಬಾ ಎಂದು ನತಾಶಾ ನನಗೆ ಹೇಳಿದಳು. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಅವರ ಹೆಸರು ಹಾಕಿದೆ. ಮೂರನೆಯ ಫೋಟೊದಲ್ಲಿ ಸರ್ ಕೈಗೆ ಕೋಳ ಇತ್ತು.

ಕೆಳಗಿನ ಬರಹವನ್ನು ಕಂಪ್ಯೂಟರಿನಿಂದಲೇ ಇಂಗ್ಲಿಷಿಗೆ ಮಾಡಿಸಿ ಓದಿದೆ. ಬಾರಿನ ಹೊರಗೆ ಜಗಳ, ಒಂದು ಹೊಡೆತ, ಒಬ್ಬ ಯುವಕ ಸತ್ತ. ಏಳು ವರ್ಷ ಜೈಲು. ಆಟ ಅಲ್ಲಿಗೇ ಮುಗಿಯಿತು. ಪೂರ್ತಿ ಓದಲು ನನ್ನಿಂದ ಆಗಲಿಲ್ಲ. ವಾರಕ್ಕೆ ಮೂರು ಸಂಜೆ ನನ್ನ ಮಗಳ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಯುವುದು ಅದೇ ಕೈ. 

ಬೇರೆಯವರಾಗಿದ್ದರೆ ಗಂಡನಿಗೆ ಹೇಳುತ್ತಿದ್ದರು, ಇಲ್ಲವೇ ಬಾಯಿ ಮುಚ್ಚಿ ಮಗಳನ್ನು ಟೀಮಿನಿಂದ ಬಿಡಿಸುತ್ತಿದ್ದರು. ನಾನು ತೇರ್ಸಿನ ಗ್ರೂಪಿಗೆ ಹಾಕಿದೆ. ತೇರ್ಸು ಎಂದರೆ ಜಪಮಾಲೆಯ ಪ್ರಾರ್ಥನೆ; ನಮ್ಮ ಊದ್ ಮೇಥಾ ಇಗರ್ಜಿಗೆ ಪೂಜೆಗೆ ಬರುವ ಮಂಗಳೂರು ಕಡೆಯ ಹೆಂಗಸರು ಸೇರಿ ಮಾಡಿದ ವಾಟ್ಸ್‌ಆ್ಯಪ್ ಗ್ರೂಪು ಅದು. ಮಂಗಳವಾರ ಸಂಜೆ ಎಲ್ಲರೂ ಅವರವರ ಮನೆಯಲ್ಲೇ ಜಪಮಾಲೆ ಹೇಳುವುದು, ಅದಕ್ಕೆ ಮೊದಲು ಕಷ್ಟ ಇದ್ದವರು ಗ್ರೂಪಿನಲ್ಲಿ ಕೋರಿಕೆ ಬರೆಯುವುದು. ಸೊಂಟನೋವು, ವೀಸಾ, ಮಗನ ಪರೀಕ್ಷೆ, ಎಲ್ಲವೂ ಅಲ್ಲಿ ಬರುತ್ತದೆ. ಅಲ್ಲಿ ಹಾಕಿದ್ದು ದೇವರ ಕಿವಿಗೆ ಮಾತ್ರ ಹೋಗುತ್ತದೆ ಎಂದು ನಂಬಿದ ಪೆದ್ದಿ ನಾನು. ಕೊಂಕಣಿಯಲ್ಲೇ ಬರೆದೆ: "ನತಾಶಾಳ ಕೋಚ್ ಕೊಲೆಗಾರ ಎಂದು ಇವತ್ತು ಗೊತ್ತಾಯಿತು. ಅವನ ಕೈಯಿಂದ ನನ್ನ ಮಗಳನ್ನು ಕಾಪಾಡಲು ಪ್ರಾರ್ಥಿಸಿ." ಜೊತೆಗೆ ಕೋಳದ ಫೋಟೊ.

ಗ್ರೂಪಿನಲ್ಲಿ ನಲವತ್ತಾರು ಜನ. ಅವರಲ್ಲಿ ಒಲಿಂಡಾ ಎಂಬವಳು ನನ್ನ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಅಲ್ ಬರ್ಷಾದಲ್ಲಿರುವ ತನ್ನ ನಾದಿನಿಗೆ ಕಳಿಸಿದಳು. ನಾದಿನಿಯ ಮಗ ಅದೇ ಟೀಮಿನವನು. ಶನಿವಾರ ಪ್ರಾಕ್ಟೀಸಿಗೆ ಒಂಬತ್ತು ಮಕ್ಕಳು ಬರಲಿಲ್ಲ. ಭಾನುವಾರ ಮ್ಯಾನೇಜರ್ ರುಡೊಲ್ಫನನ್ನು ಕರೆದು ಫೋನು ಮುಂದೆ ಹಿಡಿದರಂತೆ. ಸ್ಕ್ರೀನ್‌ಶಾಟಿನ ತಲೆಯಲ್ಲಿ ನನ್ನ ಹೆಸರು, ನನ್ನ ನಂಬರು.

ರುಡೊಲ್ಫ್ ಮನೆಗೆ ಬಂದು ಶೂ ಕೂಡ ಬಿಚ್ಚದೆ ಕುಳಿತ. "ಎಂತ ಮಾಡಿ ಹಾಕಿದ್ದಿ ನೀನು?"

"ನಿಜವನ್ನೇ ಬರೆದದ್ದಲ್ವಾ?"

"ನಿಜ ಆದರೂ ಇಲ್ಲಿ ಕೇಸ್ ಆಗ್ತದೆ ಮಾರಾಯ್ತಿ. ಒಬ್ಬರ ಮಾನ ತೆಗೆದು ಫೋನಲ್ಲಿ ಕಳಿಸಿದ್ರೆ ಜೈಲು, ಮತ್ತೆ ಡಿಪೋರ್ಟ್. ಖಲಾಸ್. ರಾಡೆಕ್ ಪೊಲೀಸಿಗೆ ಕಂಪ್ಲೇಂಟ್ ಕೊಡ್ತಾರಾ ಇಲ್ವಾ ಅಂತ ಗುರುವಾರ ಹೇಳ್ಬೇಕಂತೆ."

ಅಲ್ಲಿಗೆ ನಾಲ್ಕು ದಿನ. ನಾನು ಹೆದರಿದ್ದೆ ಎಂದರೆ ಸಾಲದು. ಕ್ಲಿನಿಕ್ಕಿನಲ್ಲಿ ಗೊತ್ತಿಲ್ಲದ ನಂಬರು ಬಂದರೆ ಫೋನನ್ನು ಡ್ರಾಯರಿನೊಳಗೆ ತಳ್ಳುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಪೊಲೀಸ್ ಕಾರು ನಿಧಾನ ಮಾಡಿದಾಗ ನಾನು ಟೈಲರ್ ಅಂಗಡಿಯೊಳಗೆ ನುಗ್ಗಿ, ಬೇಡದ ಲೈನಿಂಗ್ ಬಟ್ಟೆ ಒಂದು ಮೀಟರ್ ಕೊಂಡು ಬಂದೆ. ಫೋನಿನಲ್ಲಿ ತೇರ್ಸಿನ ಗ್ರೂಪಿನಿಂದ ಹೆಂಗಸರು ಹೆದರಿ ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಿದ್ದರು. ಮೆಟಿಲ್ಡಾ ಬಾಯ್ ಕೂಡ ಹೋದರು. ಮೇಲೆ ಅವರ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು, ಕೆಳಗೆ ಮಾತ್ರ ಇಳಿಯಲಿಲ್ಲ.

ಜೈಲಿಗಿಂತ ಹೆಚ್ಚು ಹೆದರಿಸಿದ್ದು ನತಾಶಾಳ ಯೋಚನೆ. ನಾನು ಒಳಗೆ ಹೋದರೆ ಅವಳ ಜಡೆ ಯಾರು ಹೆಣೆಯುವುದು? ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನನ್ನ ಅಕ್ಕ ಎಲ್ಸಿ ಇದ್ದಾಳೆ. ಫೋನು ಮಾಡಿ, "ಸ್ವಲ್ಪ ದಿನ ನತಾಶಾಳನ್ನು ಇಟ್ಟುಕೊಳ್ತೀಯಾ?" ಎಂದೆ. ಅವಳು, "ಇಟ್ಟುಕೊಳ್ಳುವ ಅಗಾತಾ. ಆದ್ರೆ ನನ್ನ ಹೆಸರು ಎಲ್ಲಿಯೂ ಬರುವುದು ಬೇಡ ಆಯ್ತಾ" ಎಂದಳು. ಒಡಹುಟ್ಟಿದವಳು! ಸಿಟ್ಟು ಬಂತು. ಆಮೇಲೆ, ಅವಳ ಜಾಗದಲ್ಲಿ ನಾನಿದ್ದರೆ ಅಷ್ಟೂ ಹೇಳುತ್ತಿರಲಿಲ್ಲ ಅನಿಸಿತು.

ಗುರುವಾರ ಮಧ್ಯಾಹ್ನ ರುಡೊಲ್ಫ್ ನನ್ನನ್ನು ರಿಂಕಿಗೆ ಕರೆದುಕೊಂಡು ಹೋದ. "ಕಾಲಿಗೆ ಬೀಳುವ. ಬೇರೆ ದಾರಿ ಇಲ್ಲ" ಎಂದ. ಅವನು ಕೆಲಸ ಮಾಡುವ ಕೋಣೆ ಕೋಳಿಗೂಡಿನಷ್ಟು ಚಿಕ್ಕದು, ಒಂದೇ ಬಾಗಿಲು. ಕೈ ಸುಮ್ಮನಿಡಲಾಗದೆ ರುಡೊಲ್ಫ್ ಯಾರದ್ದೋ ಸ್ಕೇಟನ್ನು ಮೆಷಿನ್ನಿಗೆ ಹಿಡಿದ. ಕಿಡಿ ಹಾರಿತು. ಆ ಸದ್ದಿನಲ್ಲಿ ರಾಡೆಕ್ ಸರ್ ಬಂದದ್ದೇ ನನಗೆ ತಿಳಿಯಲಿಲ್ಲ. ತಿರುಗಿದಾಗ ಬಾಗಿಲು ತುಂಬ ಅವರೇ ಇದ್ದರು. ಒಳಗೆ ಬಂದು ಬಾಗಿಲು ಹಾಕಿದರು.

ನಾನು ಗೋಡೆಗೆ ಒತ್ತಿಕೊಂಡೆ. ಆ ಎರಡು ಕೈಗಳನ್ನು ಬಿಟ್ಟು ಬೇರೇನೂ ನನಗೆ ಕಾಣಿಸಲಿಲ್ಲ. 

ಅವರು ಒಂದು ಟೈಪು ಮಾಡಿದ ಹಾಳೆಯನ್ನು ಮೇಜಿನ ಮೇಲಿಟ್ಟರು. ಫೋನು ತೆಗೆದು ನನ್ನ ಮೆಸೇಜು ತೋರಿಸಿ ಇಂಗ್ಲಿಷಿನಲ್ಲಿ, "ಇದರಲ್ಲಿ ಏನಿದೆ? ನೀವೇ ಹೇಳಿ" ಎಂದರು.

ಸುಳ್ಳು ಹೇಳಬಹುದಿತ್ತು. ಕೊಂಕಣಿ ಅವರಿಗೆಲ್ಲಿ ಬರುತ್ತದೆ? ಆದರೆ ಹೆದರಿದ ನಾಲಿಗೆಗೆ ಕಥೆ ಕಟ್ಟಲು ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. 'ಕೊಲೆಗಾರ' ಎಂಬಲ್ಲಿ ಸ್ವರ ಅಡಗಿತು, ಅವರು ಕೈಸನ್ನೆ ಮಾಡಿ ಇನ್ನೊಮ್ಮೆ ಹೇಳಿಸಿದರು.

"ಕೋರ್ಟು ಆ ಮಾತು ಹೇಳಲಿಲ್ಲ. ಸತ್ತವನ ತಾಯಿ ಹೇಳಿದಳು," ಎಂದರು.

ರುಡೊಲ್ಫ್ ಮೆಷಿನ್ ನಿಲ್ಲಿಸಿದ. ಐಸಿನ ಮೇಲೆ ಮಕ್ಕಳ ಕೂಗು ಕೇಳಿಸುತ್ತಿತ್ತು.

"ಹನ್ನೊಂದು ವರ್ಷ ನಾನು ಜನರನ್ನು ಹೊಡೆದು ಬೀಳಿಸಿದೆ. ಅದಕ್ಕೇ ಸಂಬಳ ಕೊಡುತ್ತಿದ್ದರು. ಬಿದ್ದವರೆಲ್ಲ ಎದ್ದು ಬರುತ್ತಿದ್ದರು, ಪ್ರತಿ ಸಲ. ಅವನೂ ಏಳುತ್ತಾನೆ ಎಂದು ಬಾರಿನ ಬಾಗಿಲ ಬಳಿ ಕಾದು ನಿಂತೆ. ಅವನು ಕರೆಂಟಿನ ಕೆಲಸದವನು. ಹೆಲ್ಮೆಟ್ ಇರಲಿಲ್ಲ, ಕೆಳಗೆ ಕಲ್ಲಿತ್ತು." ಅವರು ಹಾಳೆಯ ಮೇಲೆ ಬೆರಳಿಟ್ಟರು. "ಇದು ಮ್ಯಾನೇಜರ್ ಬರೆಸಿದ ಕಂಪ್ಲೇಂಟ್. ಸುದ್ದಿ ಸುಳ್ಳು ಎಂದು ನಾನು ಸಹಿ ಹಾಕಿದರೆ ನನ್ನ ಕೆಲಸ ಉಳಿಯುತ್ತದೆ."

 "ನನಗೆ ಒಬ್ಬಳೇ ಮಗಳು ಸರ್" ಎಂದೆ. 

"ಗೊತ್ತು. ಎಡಗಡೆ ಬೀಳಲು ಈಗಲೂ ಹೆದರುತ್ತಾಳೆ." ಅವರು ನನ್ನನ್ನೇ ನೋಡಿದರು. "ನಿಮ್ಮ ಪ್ರಾರ್ಥನೆಯಲ್ಲಿ ಅವನ ಹೆಸರು ಇತ್ತೇ? ಸತ್ತವನದು?"

ಇರಲಿಲ್ಲ. ನಾನು ಆ ಬರಹವನ್ನು ಅವನ ಹೆಸರು ಬರುವಲ್ಲಿಯವರೆಗೆ ಓದಿರಲೇ ಇಲ್ಲ. ತಲೆ ಅಲ್ಲಾಡಿಸಿದೆ.

ರಾಡೆಕ್ ಸರ್ ಹಾಳೆಯನ್ನು ಮಗುಚಿ, ರುಡೊಲ್ಫನ ಪೆನ್ಸಿಲಿನಿಂದ ದೊಡ್ಡಕ್ಷರದಲ್ಲಿ ಬರೆದರು: ಪಾವೊಲ್. ಅದರ ಕೆಳಗೆ ವಯಸ್ಸು, 24. "ನಿಮ್ಮ ಹೆಂಗಸರಿಗೆ ಕೊಡಿ. ನಾನೇ ಕೇಳಿದರೆ ದೇವರಿಗೆ ಸಿಟ್ಟು ಬರಬಹುದು," ಎಂದರು. ಮೂಲೆಯಲ್ಲಿದ್ದ ತಮ್ಮ ಸ್ಕೇಟು ಎತ್ತಿಕೊಂಡು ಬಾಗಿಲು ತೆರೆದು ಹೋದರು. ಹಾಳೆಯನ್ನು ಮತ್ತೆ ತಿರುಗಿಸಿ ನೋಡಿದೆ. ಸಹಿಯ ಜಾಗ ಖಾಲಿ ಇತ್ತು.

ಕೆಲಸ ಕಳೆದುಕೊಂಡು ಸೋಮವಾರ ಅವರು ದೇಶ ಬಿಟ್ಟರು. ಕಂಪ್ಲೇಂಟ್ ಇಲ್ಲದ ಮೇಲೆ ಮ್ಯಾನೇಜರ್ ರುಡೊಲ್ಫನಿಗೆ ಏನೂ ಅನ್ನಲಿಲ್ಲ. ನತಾಶಾ ಮಾತ್ರ, ಸರ್ ಹೋಗುತ್ತಾರೆ ಎಂದು ಗುರುವಾರ ರಾತ್ರಿ ತಿಳಿದಾಗಿನಿಂದ, ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಮಂಗಳವಾರ ಮೆಟಿಲ್ಡಾ ಬಾಯ್ ಹೊಸ ಗ್ರೂಪು ಮಾಡಿ, ಏನೂ ಆಗದವರ ಹಾಗೆ, "ಕೋರಿಕೆ ಯಾರದ್ದು ಉಂಟು?" ಎಂದು ಬರೆದರು. ನಾನು ಪಾವೊಲ್ ಎಂದು ಟೈಪು ಮಾಡಿದೆ. ಕಳಿಸಲು ಧೈರ್ಯ ಬರಲಿಲ್ಲ. ಫೋನು ಕೆಳಗಿಟ್ಟು ಮೊಣಕಾಲೂರಿ ಆ ಹೆಸರನ್ನು ಬಾಯಲ್ಲೇ ಹೇಳಿದೆ.

ಪಕ್ಕದಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ ನತಾಶಾ, "ಹೂ ಈಸ್ ಹಿ?" ಎಂದಳು. ಐದು ದಿನಗಳ ಮೇಲೆ ಅವಳ ಮೊದಲ ಮಾತು.

"ಸರ್ ಹೊಡೆದಾಗ ಬಿದ್ದವನು, ಮಗಳೇ. ಮತ್ತೆ ಏಳಲಿಲ್ಲ."

ಅವಳು ಜಪಮಾಲೆಯ ಮಣಿ ತಿರುಗಿಸುತ್ತಾ ಯೋಚಿಸಿದಳು. "ಡಿಡಂಟ್ ಎನಿಒನ್ ಟೀಚ್ ಹಿಮ್ ಹೌ ಟು ಫಾಲ್?"

ಸರ್ ಮಕ್ಕಳಿಗೆ ಮೊದಲು ಬೀಳುವುದನ್ನೇ ಯಾಕೆ ಕಲಿಸುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಅಂಥ ಕೈಯಿಂದ ನನ್ನ ಮಗಳನ್ನು ಕಾಪಾಡಲು ಪ್ರಾರ್ಥಿಸಿ ಎಂದು ನಾನು ನಲವತ್ತಾರು ಜನರ ಹತ್ತಿರ ಕೇಳಿಕೊಂಡಿದ್ದೆ. ನಾಚಿಕೆಯಿಂದ ಅತ್ತುಬಿಟ್ಟೆ. ಫೋನು ಎತ್ತಿ ಆ ಹೆಸರನ್ನು ಕಳಿಸಿದೆ. ಅದೇ ಹೆಬ್ಬೆರಳು.

"ಇವ ಯಾರು ಅಗಾತಾ?" ಎಂದು ಒಲಿಂಡಾ ಕೂಡಲೇ ಕೇಳಿದಳು.

"ನಮ್ಮವನೇ," ಎಂದು ಬರೆದೆ.