ತಲೆಕೆಳಗಿನ ಪುಟ

ಶಾಲೆಯಲ್ಲಿ ಯಾರು ಕುರ್ಚಿ ತೋರಿಸಿದರೂ ದೊಡ್ಡಮ್ಮ ಕೂರುತ್ತಿರಲಿಲ್ಲ. ಅಂಟು ಒಣಗಿ ತಗಡಿನಂತೆ ಬಿರುಸಾದ ಖಾಕಿ ಕೋಟಿನ ಜೇಬಿಗೆ ಎರಡೂ ಕೈ ಇಳಿಬಿಟ್ಟು, ಎಡಗಾಲನ್ನು ತುಸು ಮುಂದಿಟ್ಟು, ತಾನೇ ಆ ಕೋಣೆಯ ಯಜಮಾನಿಯೆಂಬಂತೆ ಮೇಷ್ಟರೆದುರು ನಿಲ್ಲುತ್ತಿದ್ದಳು. "ಕೂತ್ರೆ ನನ್ ದನಿ ಸಣ್ಣದಾಗುತ್ತೆ" ಎಂಬುದು ಆಕೆಯ ಸಮರ್ಥನೆ. ಆ ದನಿ ಸಣ್ಣದಾದದ್ದನ್ನು, ಆಕೆ ದುಡಿಯುತ್ತಿದ್ದ ಅಚ್ಚುಕೂಟದಲ್ಲೇ ಇಪ್ಪತ್ತೆರಡು ವರ್ಷ ಕರಡು ತಿದ್ದಿದ ನಾನಂತೂ ಕೇಳಿಲ್ಲ.

ಅಚ್ಚಾದ ದೊಡ್ಡ ಹಾಳೆಗಳನ್ನು ಮಡಿಸಿ, ಹೊಲಿದು ಪುಸ್ತಕವಾಗಿಸುವುದು ಆಕೆಯ ಕೆಲಸ. ತೀರಿಕೊಂಡ ತಂಗಿಯ ಮಗಳು ಮೂರು ವರ್ಷದವಳಿದ್ದಾಗಿನಿಂದ ಆಕೆಯ ಮೇಜಿನ ಕೆಳಗೇ ಬೆಳೆದಳು. ಆ ಮಗು ಕರೆದಂತೆ ನಾವೆಲ್ಲರೂ, ವಯಸ್ಸಿನಲ್ಲಿ ಹಿರಿಯನಾದ ನಾನೂ, ಆಕೆಯನ್ನು ದೊಡ್ಡಮ್ಮ ಎಂದೇ ಕರೆದೆವು. ಆಟಿಕೆಗೆ ಬದಲು ಮಗುವಿಗೆ ಸಿಕ್ಕಿದ್ದು ಮಸಿ ಹರಡಿ ಕೆಟ್ಟ, ಮಡಿಸದ ಹಾಳೆಗಳು. ಅಂಥ ಹಾಳೆಯಲ್ಲಿ ಒಂದು ಸಾಲು ಪುಟಗಳು ನೆಟ್ಟಗಿದ್ದರೆ ಇನ್ನೊಂದು ಸಾಲು ತಲೆಕೆಳಗಾಗಿರುತ್ತದೆ. ಮಡಿಸಿದಾಗಲೇ ಎಲ್ಲವೂ ಸರಿಹೋಗುವುದು. ಮೇಜಿನ ಕೆಳಗೆ ಹಾಳೆ ತಿರುಗಿಸಲು ಜಾಗವೆಲ್ಲಿ? ಮಗು ಎರಡನ್ನೂ ಇದ್ದಂತೆಯೇ ಓದಲು ಕಲಿತಿತು, ಪುಸ್ತಕವೆಂದರೆ ಹಾಗೇ ಇರಬೇಕೆಂದು ನಂಬಿತು.

ಆ ನಂಬಿಕೆಯೇ ಮುಳುವಾಯಿತು. ಶಾಲೆಗೆ ಸೇರಿಸಲು ಹೋದ ದಿನ ಹೆಡ್‌ಮಾಸ್ಟರು ಪುಸ್ತಕ ಕೊಟ್ಟಾಗ ಹುಡುಗಿ ಒಂದು ಪುಟವನ್ನು ಸಲೀಸಾಗಿ ಓದಿ, ಮರುಪುಟಕ್ಕೆ ಪುಸ್ತಕವನ್ನೇ ತಲೆಕೆಳಗು ಮಾಡಿಕೊಂಡು ಮುಂದುವರಿಸಿದಳು. ಅವರು ಅವಳು ಹಿಡಿದದ್ದನ್ನು ನೋಡಿದರೇ ಹೊರತು ಓದಿದ್ದನ್ನು ಕೇಳಲಿಲ್ಲ. "ಪುಸ್ತಕ ಹಿಡಿಯೋಕೇ ಬರಲ್ಲ, ಯಾರೋ ಬಾಯಿಪಾಠ ಮಾಡಿಸಿದಾರೆ. ಮುಂದಿನ ವರ್ಷ ಬನ್ನಿ" ಎಂದು, ದಾಖಲೆಯಲ್ಲಿ ಹೆಸರಿನ ಎದುರು 'ಮಂದ' ಎಂದು ಬರೆದುಬಿಟ್ಟರು.

ಮರುದಿನ ದೊಡ್ಡಮ್ಮ ಹಾಳೆಯೊಂದನ್ನು ಸುರುಳಿ ಸುತ್ತಿ ಒಯ್ದು, ಅವರ ಗಂಟೆ, ನೀರಿನ ಲೋಟಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ತುಂಬ ಹರವಿದಳು. "ಎಲ್ಲಿ ಬೇಕೋ ಬೆರಳಿಡಿ ಸಾರ್. ನೆಟ್ಟಗಿರೋದ್ರಲ್ಲಾದ್ರೂ ಇಡಿ, ತಲೆಕೆಳಗಿರೋದ್ರಲ್ಲಾದ್ರೂ ಇಡಿ." ಬೆರಳು ಹೋದಲ್ಲೆಲ್ಲ ಹುಡುಗಿ ಓದಿದಳು. ಶಾಲೆಯಲ್ಲಿ ಜಾಗ ಸಿಕ್ಕಿತು. ಆದರೆ ಬರೆದ ಪದವನ್ನು ಹೊಡೆದುಹಾಕಲು ಹೆಡ್‌ಮಾಸ್ಟರು ಒಪ್ಪಲಿಲ್ಲ. ದಾಖಲೆಯನ್ನು ತಿದ್ದುವಂತಿಲ್ಲವಂತೆ! ದಿನಕ್ಕೆ ನೂರು ತಪ್ಪು ತಿದ್ದಿ ಹೊಟ್ಟೆ ಹೊರೆಯುವ ನನಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು.

ಅಂದಿನಿಂದ ಪ್ರತಿವರ್ಷ ಶಾಲೆ ತೆರೆಯುವ ದಿನ ಆಕೆ ಹೋಗಿ ನಿಲ್ಲುತ್ತಿದ್ದಳು: "ಆ ಮಾತು ಹೊಡೆದುಹಾಕಿ ಸಾರ್." ಹಿಡಿದ ಪಟ್ಟು ಬಿಡುವ ಜಾಯಮಾನ ಆಕೆಯದಲ್ಲ. ಮಗಳ ಅಂಕಗಳನ್ನು ಎಂದೂ ವಿಚಾರಿಸಿದವಳಲ್ಲ; "ಯಾವ ಲೆಕ್ಕ ತಪ್ಪಾಯ್ತು, ತೋರಿಸು" ಎಂಬುದೊಂದೇ ಮಾತು. ಅದು ಯಾಕೆ ತಪ್ಪೆಂದು ಹುಡುಗಿ ತನಗೂ ತಿಳಿಯುವಂತೆ ಹೇಳುವ ತನಕ ಸೂಜಿ ಕೆಳಗಿಟ್ಟು ಮನೆಗೆ ಹೊರಡುತ್ತಿರಲಿಲ್ಲ. ಕಾಲೇಜಿನ ಮೊದಲ ವರ್ಷ ಗಣಿತದಲ್ಲೇ ನಪಾಸಾಗಿ, ಹಾಸ್ಟೆಲಿನಿಂದ ಹಾಸಿಗೆ ಸುತ್ತಿಕೊಂಡು ಬಂದ ಹುಡುಗಿ, "ಹೆಡ್‌ಮಾಸ್ಟರು ಬರೆದದ್ದೇ ನಿಜ ದೊಡ್ಡಮ್ಮಾ" ಎಂದು ಅತ್ತಾಗ, ಆಕೆ ಮಡಿಕೆ ತಪ್ಪಿದ ಹಾಳೆಯೊಂದನ್ನು ಅವಳ ಮುಂದೆ ಹಾಕಿದಳು. "ತಪ್ಪಿದ್ರೆ ಬಿಚ್ಚಿ ಮತ್ತೆ ಮಡಿಸ್ತೀವಿ ಕಣೇ, ಒಲೆಗೆ ಹಾಕ್ತೀವಾ? ಏಳು, ಬಸ್ಸು ಹೊರಡುತ್ತೆ." ಅವಳನ್ನು ಬಸ್ಸು ಹತ್ತಿಸಿ ಬಂದು, ದೊಡ್ಡಮ್ಮ ಕಾಗದದ ಅಟ್ಟಿಯ ಹಿಂದೆ ನಿಂತು ಬಿಕ್ಕಿದ್ದನ್ನು ನಾನು ಕಂಡೂ ಕಾಣದವನಂತೆ ಕರಡಿಗೆ ತಲೆ ಹಾಕಿದೆ.

ಹುಡುಗಿ ಗಣಿತದಲ್ಲೇ ಪದವಿ ಪಡೆದಳು. ಅದಕ್ಕಾಗಿ ಬರೆದ ಪ್ರಬಂಧ ನಮ್ಮಲ್ಲೇ ಅಚ್ಚಾಯಿತು, ದೊಡ್ಡಮ್ಮನೇ ಹೊಲಿದಳು. ಒಂದು ಪ್ರತಿಯನ್ನು ನಿವೃತ್ತಿಯ ಅಂಚಿನಲ್ಲಿದ್ದ ಹೆಡ್‌ಮಾಸ್ಟರಿಗೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಕೆಲವು ಪುಟ ತಿರುವಿದ ಅವರು ತಟ್ಟನೆ ತಡವರಿಸಿ, ಪುಸ್ತಕವನ್ನೇ ತಲೆಕೆಳಗಾಗಿ ಹಿಡಿದು ಓದತೊಡಗಿದರು. ಜೀವಮಾನದಲ್ಲಿ ಒಂದು ಹಾಳೆಯನ್ನೂ ತಪ್ಪಾಗಿ ಹೊಲಿಯದ ಆಕೆ, ಆ ಒಂದು ಪ್ರತಿಯಲ್ಲಿ ಒಂದು ಹಾಳೆಯನ್ನು ಬೇಕೆಂದೇ ತಲೆಕೆಳಗಾಗಿ ಹೊಲಿದಿದ್ದಳು.

"ನೋಡಿ ಸಾರ್, ನೀವೂ ಹಾಗೇ ಹಿಡಿದ್ರಿ. ನಿಮ್ಮ ಹೆಸರಿನ ಎದುರು ಏನ್ ಬರೀಲಿ?"

ಅವರು ಕಪಾಟಿನಿಂದ ಹಳೆಯ ದಾಖಲೆ ತೆಗೆದು, ಆ ಪದದ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಆಮೇಲೆ ಕುರ್ಚಿ ತೋರಿಸಿದರು. ದೊಡ್ಡಮ್ಮ ಆಗಲೂ ಕೂರಲಿಲ್ಲ.

ಮಕ್ಕಳು ಮೇಲೆ ಬಂದಾಗ ಲೋಕ ಅವರ ಬುದ್ಧಿಯನ್ನು ಹೊಗಳುತ್ತದೆ, ಗುರುಗಳನ್ನು ಸ್ಮರಿಸುತ್ತದೆ. ಬಲ್ಲವರು ಬರೆದಿಟ್ಟ ಒಂದು ಪದವನ್ನು ಒಪ್ಪದೆ ಹದಿನಾರು ವರ್ಷ ಕಾಲು ನೋಯಿಸಿಕೊಂಡವರ ನೆನಪು ಯಾರಿಗೂ ಇರುವುದಿಲ್ಲ. ಇಂಥವರು ವಿನಯವಂತರಲ್ಲ, ಅವರೊಡನೆ ಏಗುವುದೂ ಸುಲಭವಲ್ಲ. ಆದರೆ ಕೊಟ್ಟ ಕುರ್ಚಿಯಲ್ಲಿ ಅವರು ತೆಪ್ಪಗೆ ಕೂತುಬಿಟ್ಟಿದ್ದರೆ, ಎಷ್ಟೋ ಮಕ್ಕಳು ಇಂದಿಗೂ ಮೇಜಿನ ಕೆಳಗೇ ಇರುತ್ತಿದ್ದರು.