ಮೊದಲನೇ ಅಂಕದ ಮಗಳು

ಪಲ್ಲವಿಗೆ ಆ ನಾಟಕದ ಮೊದಲನೇ ಅಂಕ ಅರ್ಥವಾಗಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಡೈರಿಯಲ್ಲಿ ಮಾತ್ರ, ಅದೂ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಬಹುದು ಅನ್ನುವ ಧೈರ್ಯದ ಮೇಲೆ ಬರೆದುಕೊಂಡಿದ್ದಳು. ಡಿಗ್ರಿಯಲ್ಲಿ ಒಮ್ಮೆ, ಎಂ.ಎ.ಯಲ್ಲಿ ಇನ್ನೊಮ್ಮೆ ಅದನ್ನೇ ಓದಿ, ಗೈಡಿನ ಉತ್ತರ ಉರು ಹೊಡೆದು ಪಾಸಾಗಿದ್ದಳು. ಈಗ ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ, ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಟ್ಯುಟೋರಿಯಲ್ಲಿನಲ್ಲಿ ಡಿಗ್ರಿ ಮಕ್ಕಳಿಗೆ ಅದನ್ನೇ ಪಾಠ ಮಾಡಬೇಕಾಗಿ ಬಂದಿತ್ತು. ಶನಿವಾರ ಮೊದಲನೇ ಅಂಕ.

ನಾಟಕ ಹೊರದೇಶದ್ದು, ನೂರಾರು ವರ್ಷ ಹಳೆಯದು, ಸೇಡಿನ ಕತೆ. ಐದನೇ ಅಂಕ ಮುಗಿಯುವಷ್ಟರಲ್ಲಿ ರಂಗದ ಮೇಲೆ ನಿಲ್ಲುವುದಕ್ಕೆ ಆಳೇ ಉಳಿದಿರುವುದಿಲ್ಲ. ಆದರೆ ಮೊದಲನೇ ಅಂಕದಲ್ಲಿ ಒಂದು ಇರುವೆಯೂ ಸಾಯುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು, ಅವಳ ಮಗ, ಮಗಳು ಮನೆಯೊಳಗೆ ಕೂತು ಮಾತಾಡುತ್ತಾರೆ. ಸೇಡು ತೀರಿಸುತ್ತೇನೆಂದು ಮಗ ಆಣೆ ಇಡುತ್ತಾನೆ. ಆಮೇಲೆ ಆ ಸಾವಿಗೆ ಕಾರಣನಾದವನೇ ಬಾಗಿಲಿಗೆ ಬರುತ್ತಾನೆ. ಒಳಕ್ಕೆ ಕರೆಯುತ್ತಾರೆ, ಉಪಚರಿಸುತ್ತಾರೆ, ನಗುನಗುತ್ತಾ ಕಳಿಸಿಕೊಡುತ್ತಾರೆ. ಅಷ್ಟೇ, ಪರದೆ. ಈ ಅಂಕವು ಪಾತ್ರಗಳನ್ನು ಪರಿಚಯಿಸುತ್ತದೆ ಅಂತ ಒಂದು ಸಾಲು ಬರೆದು ಗೈಡಿನವನು ಕೈ ತೊಳೆದುಕೊಂಡಿದ್ದ. ಬರೀ ಪರಿಚಯಕ್ಕೆ ಇಷ್ಟುದ್ದದ ಅಂಕ ಯಾಕೆ ಬೇಕು ಅನ್ನುವುದು ಪಲ್ಲವಿಯ ತಲೆಗೆ ಹೋಗಿರಲಿಲ್ಲ.

ಅರ್ಥವಾಗದ್ದನ್ನು ಅರ್ಥವಾದವಳ ಹಾಗೆ ಹೇಳಿಕೊಡುವುದು ಅವಳಿಗೆ ನಾಚಿಕೆ. ಆದರೆ ಆ ವಾರ ಅದಕ್ಕಿಂತ ದೊಡ್ಡ ನಾಚಿಕೆಯೊಂದು ಮನೆಯಲ್ಲಿತ್ತು. ಅದನ್ನು ಬರೆಯುವುದಕ್ಕೆ ಪೆನ್ಸಿಲ್ಲೂ ಏಳಲಿಲ್ಲ.

ಹೆಮ್ಮಿಗೆಯಲ್ಲಿ ಅವಳ ಅಪ್ಪ ರಂಗನಾಯಕ ತೀರಿಕೊಂಡು ವರ್ಷ ದಾಟಿತ್ತು. ಮಟಮಟ ಮಧ್ಯಾಹ್ನ ಎದೆ ಹಿಡಿದುಕೊಂಡು ಜಗುಲಿಯ ಮೇಲೆ ಬಿದ್ದಾಗ, ಎರಡು ಮನೆ ಆಚೆ ಚಿಕ್ಕಪ್ಪ ಮಾದುವಿನ ಗೂಡ್ಸ್ ಆಟೊ ಬಾಗಿಲಲ್ಲೇ ನಿಂತಿತ್ತು. ಅವ್ವ ಕೆಂಪಾಜಮ್ಮ ಓಡಿಹೋಗಿ ಕದ ಬಡಿದಳು. ತೆಗೆಯಲಿಲ್ಲ. ಬನ್ನೂರಿನಿಂದ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುಡಿದು ಮೈಮೇಲೆ ಜ್ಞಾನವಿಲ್ಲದೆ ಬಿದ್ದಿದ್ದೆ ಅಂತ ಚಿಕ್ಕಪ್ಪ ತಿಥಿಯ ದಿನ ಊರವರ ಮುಂದೆ ಎದೆ ಬಡಿದುಕೊಂಡು ಅತ್ತ. ಅಂದೇ ಕುಡಿತವನ್ನೂ ಬಿಟ್ಟ. ಅವ್ವ ನಂಬಲಿಲ್ಲ. ಜಮೀನು ಪಾಲಾದಾಗಿನ ಹಗೆ ಇಟ್ಟುಕೊಂಡು ಬೇಕೆಂದೇ ಕದ ತೆಗೆಯಲಿಲ್ಲ ಅನ್ನುವುದು ಅವಳ ಮಾತು. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು.

ತಮ್ಮ ಮಹೇಂದ್ರ ನಂಜನಗೂಡಿನ ಹತ್ತಿರದ ತಾಂಡ್ಯದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದ. ಅಪ್ಪನ ತಿಥಿ ಮುಗಿದ ಮೇಲಿನ ಸೋಮವಾರ ನಂಜನಗೂಡಿಗೆ ಹೋಗಿ, ಹೊಳೆಯಲ್ಲಿ ಮುಳುಗಿ ಎದ್ದು, ಮುಡಿ ಹರಕೆ ಹೊತ್ತು ಬಂದ. ಬೇಡಿಕೊಂಡದ್ದು ನೆರವೇರುವ ತನಕ ತಲೆಗೂ ಗಡ್ಡಕ್ಕೂ ಕತ್ತರಿ ಸೋಕಿಸುವಂತಿಲ್ಲ. ನೆರವೇರಿದ ಮೇಲೆ ಅಲ್ಲಿಗೇ ಹೋಗಿ ಮುಡಿ ಕೊಡಬೇಕು. ಕೊಡುವಾಗ ಮನೆಯ ಹಿರಿಯನೊಬ್ಬ ಪಕ್ಕದಲ್ಲಿ ನಿಂತು ತಲೆಗೆ ಮೊದಲ ನೀರು ಹಾಕುವುದು ಅವರ ವಂಶದಲ್ಲಿ ನಡೆದುಬಂದ ರೀತಿ. ಏನು ಬೇಡಿಕೊಂಡಿದ್ದಾನೆ ಅಂತ ಊರವರು ಕೇಳಿದಾಗ ಅವ್ವ ಹಿಂದೆಮುಂದೆ ನೋಡದೆ, ಅವನ ಅಕ್ಕನಿಗೆ ಕಾಲೇಜಿನಲ್ಲಿ ಕೆಲಸ ಸಿಗಲಿ ಅಂತ, ಅಂದುಬಿಟ್ಟಳು. ನಿಜದ ಬೇಡಿಕೆ ಚಿಕ್ಕಪ್ಪನ ಮೇಲಿನ ಸೇಡು. ಅದು ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ.

ಹೀಗಾಗಿ ತಮ್ಮನ ಗಡ್ಡ ಬೆಳೆದಷ್ಟೂ ಅಕ್ಕನ ತಲೆ ತಗ್ಗುತ್ತಾ ಹೋಯಿತು. ಟೀ ಅಂಗಡಿಯ ಬೆಟ್ಟಸ್ವಾಮಿ ಒಂದು ದಿನ ಅವಳೆದುರಿಗೇ ಮಹೇಂದ್ರನನ್ನು ತಡೆದು, "ನಿಮ್ಮಕ್ಕಂಗೆ ಕೆಲ್ಸ ಸಿಗೋ ವೊತ್ಗೆ ನಿನ್ ಗಡ್ಡದಲ್ಲಿ ಗುಬ್ಬಚ್ಚಿ ಮರಿ ಮಾಡಿರ್ತದೆ ಕಣ್ಲಾ," ಅಂದಿದ್ದ. ಎಲ್ಲರೂ ನಕ್ಕರು, ಮಹೇಂದ್ರನೂ ನಕ್ಕ. ಪಲ್ಲವಿ ಚೂಡಿದಾರದ ವೇಲನ್ನು ಸರಿಮಾಡಿಕೊಳ್ಳುತ್ತಾ ಬಸ್ಸಿನ ಕಡೆ ನಡೆದಳು. ಕೆಲಸವಿಲ್ಲದ ಅವಮಾನ ಒಂದು, ಆ ಅವಮಾನದ ಹಿಂದೆ ಇನ್ನೊಬ್ಬರ ದ್ವೇಷ ಬಚ್ಚಿಟ್ಟುಕೊಂಡಿರುವ ಅವಮಾನ ಇನ್ನೊಂದು.

ಗುರುವಾರ ಬೆಳಿಗ್ಗೆ ಮಹೇಂದ್ರ ರಾತ್ರಿ ಪಾಳಿ ಮುಗಿಸಿಕೊಂಡು ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತ. ಚಿಕ್ಕಪ್ಪನಿಗೆ ಫೋನ್ ಮಾಡಿದೆ ಅಂದ. ಮುದ್ದೆ ಕಟ್ಟುತ್ತಿದ್ದ ಅವ್ವನ ಕೈ ಹಾಗೇ ನಿಂತಿತು. ಅಕ್ಕನಿಗೆ ನಂಜನಗೂಡಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಮುಡಿ ಕೊಡುತ್ತೇನೆ, ಅಪ್ಪನ ಜಾಗದಲ್ಲಿ ನಿಂತು ನೀರು ಹಾಕುವುದಕ್ಕೆ ನೀವೇ ಬರಬೇಕು ಅಂತ ಹೇಳಿದನಂತೆ. ಆ ಕಡೆ ಚಿಕ್ಕಪ್ಪ ಅತ್ತುಬಿಟ್ಟನಂತೆ. ಇಷ್ಟನ್ನು ಹೇಳುವಾಗ ಮಹೇಂದ್ರ ಅಪ್ಪನ ಹಾಗೆಯೇ ಮೂಗಿನ ತುದಿ ಉಜ್ಜಿಕೊಂಡ. ಚಿಕ್ಕಪ್ಪನನ್ನು ತನ್ನ ಬೈಕಿನಲ್ಲೇ ಕೂರಿಸಿಕೊಂಡು ಹೋಗುವುದು ಅವನ ಯೋಚನೆ. ತಾಂಡ್ಯದ ಹಿಂದಿನ ರಸ್ತೆಯಲ್ಲಿ ಜೊತೆಯ ಕೆಲಸಗಾರ ಗುರು, ಇನ್ನಿಬ್ಬರು ಕಾದಿರುತ್ತಾರೆ.

"ಸಾಯ್ಸಕ್ಕಿಲ್ಲ. ಎರಡು ಕಾಲೂ ಮುರೀತೀವಿ, ಅಷ್ಟೇಯ. ಆಮೇಕೆ ಅವ್ನೂ ಆಸ್ಪತ್ರೆಗೋಗಕ್ಕೆ ಯಾರ ಕದನಾದ್ರೂ ಬಡೀಲಿ. ನಾನು ಅಲ್ಲಿಂದ ಸೀದಾ ಓಗಿ ಮುಡಿ ಕೊಟ್ಟು ಬತ್ತೀನಿ."

ಅವ್ವ ಮುದ್ದೆಯನ್ನು ತಟ್ಟೆಗಿಟ್ಟು, ಸೋಮವಾರ ಬೆಳಿಗ್ಗೆ ಅವನು ಈ ಮನೆಗೇ ಬರಲಿ, ನಾನೇ ಕಾಫಿ ಕೊಟ್ಟು ಮಾತಾಡಿಸುತ್ತೇನೆ, ಅನುಮಾನ ಬರಬಾರದು ಅಂದಳು. ಅವಳ ದನಿ ಅಷ್ಟು ಮೆತ್ತಗಿದ್ದದ್ದನ್ನು ಪಲ್ಲವಿ ವರ್ಷದಿಂದ ಕೇಳಿರಲಿಲ್ಲ.

ಬೇಡ ಅನ್ನಬೇಕು ಅಂತ ಪಲ್ಲವಿ ಬಾಯಿ ತೆರೆದಳು. ಬಂದ ಮಾತು ಬೇರೆಯೇ. "ನಾನೇನ್ ಮಾಡ್ಬೇಕು?" ಅಂದಳು.

"ನೀನೇನೂ ಮಾಡ್ಬ್ಯಾಡ ಕಣಕ್ಕ. ಕೆಲ್ಸ ಸಿಕ್ತಾ ಅಂತ ಯಾರಾರಾ ಕೇಳುದ್ರೆ ಹೂಂ ಅನ್ನು."

ಅವಳು ಅವನ ತಟ್ಟೆಗೆ ಸಾರು ಬಿಟ್ಟಳು.

ಶುಕ್ರವಾರ ಬಸ್ಸಿನಲ್ಲಿ ಪಕ್ಕದ ಬೀದಿಯ ಸಾಕಮ್ಮ ಅವಳ ಕೈ ಹಿಡಿದುಕೊಂಡು, ಕೆಲಸ ಆಯಿತಂತಲ್ಲ, ನಿಮ್ಮಪ್ಪ ಇರಬೇಕಾಗಿತ್ತು ಅಂದಳು. ಪಲ್ಲವಿ ಹೂಂ ಅಂದಳು. ಅಂದ ಮೇಲೆ ಇನ್ನೂ ಕೆಟ್ಟದ್ದೊಂದು ನಡೆಯಿತು: ಅವಳಿಗೆ ಒಳಗೊಳಗೇ ಖುಷಿಯಾಯಿತು. ಸಾಕಮ್ಮ ಎದ್ದು ಸೀಟು ಬಿಟ್ಟುಕೊಟ್ಟಳು, ಲೆಕ್ಚರರಮ್ಮ ಕೂತ್ಕೊಳ್ಳಿ ಅಂತ ಎಲ್ಲರಿಗೂ ಕೇಳುವಂತೆ ಅಂದಳು. ಪಲ್ಲವಿ ಕೂತಳು. ನರಸೀಪುರ ಬರುವ ತನಕ, ನಂಜನಗೂಡಿನ ಯಾವುದೋ ಕಾಲೇಜಿನ ಸ್ಟಾಫ್ ರೂಮಿನಲ್ಲಿ ತನ್ನದೊಂದು ಮೇಜು ಇದ್ದಂತೆ, ಅದರ ಮೇಲೆ ತನ್ನ ಟಿಫಿನ್ ಡಬ್ಬಿ ಇದ್ದಂತೆ ಕಣ್ಣಿಗೆ ಕಟ್ಟಿಕೊಂಡು ಕೂತಿದ್ದಳು. ಇಳಿಯುವಾಗ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಶನಿವಾರ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬಂದವಳು ರಂಜಿನಿ, ಚಿಕ್ಕಪ್ಪನ ಮಗಳು. ಮನೆಗಳ ನಡುವೆ ಮಾತಿಲ್ಲದಿದ್ದರೂ ಇಂಗ್ಲಿಷಿಗೆ ಬೇರೆ ಗತಿಯಿಲ್ಲದೆ ಅವಳು ಇಲ್ಲಿಗೇ ಸೇರಿದ್ದಳು. ಈ ವಿಷಯವನ್ನು ಪಲ್ಲವಿ ಅವ್ವನಿಗೆ ಹೇಳಿರಲಿಲ್ಲ. ಉಳಿದವರ ಮುಂದೆ ಮಿಸ್ ಅನ್ನುತ್ತಿದ್ದ ರಂಜಿನಿ ಮೆಟ್ಟಿಲ ಮೇಲೆ ಮಾತ್ರ ಅಕ್ಕ ಅನ್ನುತ್ತಿದ್ದಳು. ಇವತ್ತು ಅವಳ ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ. ಮನೆಯಲ್ಲಿ ಅಪ್ಪ ಎರಡು ದಿನದಿಂದ ಒಂದೇ ಸಮ ಹಾಡಿಕೊಳ್ಳುತ್ತಿದ್ದಾನೆ, ಸೋಮವಾರಕ್ಕೆ ಹೊಸ ಪಂಚೆ ತಂದಿದ್ದಾನೆ, ಮಹೇಂದ್ರಣ್ಣನಿಗೆ ನೀರು ಹಾಕುವಾಗ ಕೈ ನಡುಗಿದರೆ ಏನು ಮಾಡಲಿ ಅಂತ ಅಮ್ಮನನ್ನು ಕೇಳಿ ಕೇಳಿ ತಲೆ ತಿಂದಿದ್ದಾನೆ, ಅಂತ ಒಂದೇ ಉಸಿರಿಗೆ ಹೇಳಿದಳು. ಪಲ್ಲವಿ ಮಿಠಾಯಿ ತೆಗೆದುಕೊಂಡಳು. ಬಾಯಿಗೆ ಹಾಕಲಾರದೆ ಕರ್ಚೀಫಿನಲ್ಲಿ ಸುತ್ತಿಟ್ಟಳು.

ಪಾಠ ಶುರುವಾಯಿತು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು ಓದಿಸುವುದು ಅವಳ ರೂಢಿ. ಅಷ್ಟು ಹೊತ್ತು ತಾನು ಮಾತಾಡುವುದು ತಪ್ಪುತ್ತದಲ್ಲ. ಕೊನೆಗೆ ಉಳಿದದ್ದು ಮಗಳ ಪಾತ್ರ, ರಂಜಿನಿಯ ಪಾಲಿಗೆ ಬಂತು. ಪಾತ್ರಗಳ ಪಟ್ಟಿಯಲ್ಲಿ ಅವಳಿಗೆ ಹೆಸರೂ ಇರಲಿಲ್ಲ, 'ಮಗಳು' ಅಷ್ಟೇ. ಅಂಕವಿಡೀ ಅವಳಿಗಿರುವುದು ಒಂದೇ ಮಾತು. ಬಾಗಿಲಿಗೆ ಬಂದವನು ಒಳಗೆ ಬರಲು ಹಿಂಜರಿದು, ಮಗು, ನಾನು ಬರಬಹುದೇ ಅಂತ ಅವಳೊಬ್ಬಳನ್ನೇ ಕೇಳುತ್ತಾನೆ. ಅವಳು ಬನ್ನಿ ಅನ್ನುತ್ತಾಳೆ. ಅವನು ಹೊಸ್ತಿಲು ದಾಟುತ್ತಾನೆ.

ರಂಜಿನಿ ಅದನ್ನು ಓದಿ ತಲೆಯೆತ್ತಿದಳು. "ಮಿಸ್, ಇವ್ಳ್‌ಗೆ ಎಲ್ಲಾ ಗೊತ್ತಲ್ವಾ? ಅಣ್ಣ ಆಣೆ ಇಡೋವಾಗ ಅಲ್ಲೇ ನಿಂತಿದ್ಳಲ್ಲ. ಮತ್ಯಾಕೆ ಬನ್ನಿ ಅಂದ್ಳು?"

ಹಿಂದಿನ ಬೆಂಚಿನ ಕುಮಾರ, ಅವಳು ಬೇಡ ಅಂದಿದ್ದರೆ ನಾಟಕ ಅಲ್ಲಿಗೇ ಮುಗಿದುಹೋಗುತ್ತಿತ್ತು ಮಿಸ್, ನಮಗೆ ನಾಲ್ಕು ಅಂಕ ಓದುವ ಕಷ್ಟ ತಪ್ಪುತ್ತಿತ್ತು ಅಂದ. ಕ್ಲಾಸು ನಕ್ಕಿತು.

ಪಲ್ಲವಿ ಚಾಕ್‌ಪೀಸ್ ಹಿಡಿದುಕೊಂಡು ಬೋರ್ಡಿನ ಕಡೆ ತಿರುಗಿದಳು. ಬರೆಯುವುದಕ್ಕೆ ಏನೂ ಇರಲಿಲ್ಲ, ಮುಖ ತೋರಿಸುವುದಕ್ಕೆ ಆಗಲಿಲ್ಲ. ಎರಡು ಪರೀಕ್ಷೆ ಬರೆದರೂ ಅರ್ಥವಾಗದ್ದು ಈಗ ಅರ್ಥವಾಗಿತ್ತು. ಮೊದಲನೇ ಅಂಕದಲ್ಲಿ ಏನೂ ಆಗುವುದಿಲ್ಲ ಅಂದುಕೊಂಡಿದ್ದಳು. ಎಲ್ಲ ಆಗುವುದೇ ಅಲ್ಲಿ. ಕತ್ತಿ ಹಿಡಿಯುವವನೊಬ್ಬನಿಂದಲೇ ಸೇಡು ನಡೆಯುವುದಿಲ್ಲ. ಅವನ ಸುತ್ತ ಗೊತ್ತಿದ್ದೂ ಸುಮ್ಮನಿರುವವರು ಬೇಕು, ಬಂದವನು ನಂಬುವಂಥ ಸಾಧು ಮುಖವೊಂದು ಬೇಕು. ಅದನ್ನೆಲ್ಲ ಹೊಂದಿಸಿಕೊಳ್ಳುವುದಕ್ಕೇ ಅಷ್ಟುದ್ದದ ಅಂಕ. ಕೆಟ್ಟವಳೆಂದು ಆ ಮಗಳನ್ನು ಗೈಡಿನಲ್ಲಿ ಯಾರೂ ಬರೆಯುವುದಿಲ್ಲ, ಯಾಕೆಂದರೆ ಅವಳು ಏನೂ ಮಾಡಿರುವುದಿಲ್ಲ. ಮೆಲುದನಿಯ ಹುಡುಗಿ, ಕೇಳಿದ್ದಕ್ಕೆ ಹೂಂಗುಟ್ಟಿದಳು.

ಮುಂದಿನ ವಾರ ನೋಡೋಣ ಅಂತ ಹೇಳಿ ಕ್ಲಾಸು ಬಿಟ್ಟಳು. ರಂಜಿನಿಯೊಬ್ಬಳನ್ನು ಬಿಟ್ಟು ಉಳಿದವರು ದಡದಡ ಇಳಿದುಹೋದರು. ಮೆಟ್ಟಿಲ ಮೇಲೆ ನಿಧಾನವಾಗಿ ಹತ್ತಿ ಬರುವ ಒಂದು ಹೆಜ್ಜೆ ಸಪ್ಪಳ ಮಾತ್ರ ಉಳಿಯಿತು. ಗೊಬ್ಬರದಂಗಡಿಗೆ ಲೋಡು ತಂದಿದ್ದ ಚಿಕ್ಕಪ್ಪ ಮಗಳನ್ನು ಕರೆದೊಯ್ಯಲು ಮೇಲೆ ಬಂದಿದ್ದ. ಅಂಗಿಯ ಮೇಲೆಲ್ಲ ಗೊಬ್ಬರದ ಬಿಳಿ ಧೂಳು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ, ಒಳಗೆ ಬರಲಿಲ್ಲ. ಬಿದ್ದುಹೋದ ಮಾತನ್ನು ಮತ್ತೆ ಎತ್ತಿಕೊಳ್ಳುವುದು ಅವನಿಗೂ ಕಷ್ಟವಿತ್ತು.

"ಪಲ್ಲವಿ ಮಗ," ಅಂದ. "ಮಯೇಂದ್ರ ಫೋನ್ ಮಾಡುದ್ನಲ್ಲ, ಆಗ್ಲಿಂದ ನಂಗೆ ನಂಬ್ಕೆನೇ ಬತ್ತಾ ಇಲ್ಲ ಕಣವ್ವ. ನಮ್ಮಣ್ಣನ ಜಾಗದಲ್ಲಿ ನನ್ನ ನಿಲ್ಲುಸ್ತೀನಿ ಅಂತಾನಲ್ಲ ಆ ಮಗ. ಅಂತಾ ಪುಣ್ಯ ನಾನೇನ್ ಮಾಡಿವ್ನಿ? ಅದ್ಕೇ ನಿನ್ನ ಬಾಯಲ್ಲಿ ಒಂದ್ಸಲ ಕೇಳ್ಕಂಡೋಗಣ ಅಂತ ಬಂದೆ. ಕೆಲ್ಸ ಸಿಕ್ಕಿದ್ದು ದಿಟವಾ?"

ರಂಜಿನಿ ಬ್ಯಾಗು ಹೆಗಲಿಗೇರಿಸಿಕೊಂಡು ನಗುತ್ತಾ ನಿಂತಿದ್ದಳು. ಹೂಂ ಅನ್ನುವುದು ಎಷ್ಟು ಸುಲಭ ಅನ್ನುವುದು ಪಲ್ಲವಿಗೆ ಗೊತ್ತಿತ್ತು. ನಿನ್ನೆ ಬಸ್ಸಿನಲ್ಲಿ ಅಂದು ನೋಡಿದ್ದಳು. ಅದರ ಬದಲು ಇನ್ನೊಂದು ಮಾತು ಅಂದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಹೊತ್ತದ್ದು ನೆರವೇರದೆ ಯಾರೂ ಮುಡಿ ಕೊಡುವುದಿಲ್ಲ, ಅದು ಊರಿಗೆಲ್ಲ ತಿಳಿದದ್ದೇ. ಹಾಗಾದರೆ ಮಹೇಂದ್ರ ಯಾಕೆ ಕರೆದ ಅನ್ನುವುದನ್ನು ಚಿಕ್ಕಪ್ಪನಿಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಅವನ ಮುಖದ ಮೇಲಿನ ಈ ಬೆಳಕು ಆರುತ್ತದೆ. ಮನೆಯಲ್ಲಿ ಅವ್ವ ಮತ್ತೆಂದೂ ತನ್ನ ಕಡೆ ತಿರುಗಿ ನೋಡಲಾರಳು, ತಮ್ಮ ತನ್ನನ್ನು ಅಕ್ಕ ಅನ್ನಲಾರ. ಊರಿಗೆಲ್ಲ ತಾನು ಹೂಂ ಅಂದ ಸುಳ್ಳೂ ಬಯಲಾಗುತ್ತದೆ.

"ಯಾಕ್ ಮಗ, ನಾಚ್ಕಂಡ್ಯಾ?" ಅಂತ ಚಿಕ್ಕಪ್ಪ ನಕ್ಕ.

ಹೌದು, ನಾಚಿಕೆಯೇ. ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. ದನಿ ಇಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳೂ ಎಣಿಸಿರಲಿಲ್ಲ.

"ಇಲ್ಲ ಚಿಕ್ಕಪ್ಪ. ನಂಗೆ ಯಾವ ಕೆಲ್ಸನೂ ಸಿಕ್ಕಿಲ್ಲ."