ಮುನಿರಾಜನ ಗುಂಡಿ

ಗೆದ್ದವನ ಹೆಸರು ಹಲಗೆಯ ಮೇಲೆ, ಸೋತವನ ಹೆಸರು ಊರವರ ಬಾಯಲ್ಲಿ. ಇದು ಯಾವ ಸೀಮೆ ನ್ಯಾಯ ಸ್ವಾಮಿ, ನೀವೇ ಹೇಳಿ. ದೊಮ್ಮಲೂರಿನ ಮುನೀಂದ್ರನ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ.

ಕ್ಲಬ್ಬಿನ ಪಡಸಾಲೆಯಲ್ಲಿ ಉದ್ದನೆಯ ತೇಗದ ಹಲಗೆಯೊಂದಿದೆ. ಕಪ್ ಗೆದ್ದವರ ಹೆಸರನ್ನೆಲ್ಲ ಅದರ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ. ಮುನೀಂದ್ರನ ಹೆಸರು ಒಂದು ಸಲ ಅಲ್ಲ, ಮೂರು ಸಲ ಇದೆ. ಯಾರು ಓದ್ತಾರೆ? ಜನ ಅದರ ಕೆಳಗೆ ನಿಂತು ಫೋನಲ್ಲಿ ಹರಟುತ್ತಾರೆ, ಒದ್ದೆ ಛತ್ರಿ ಒರಗಿಸುತ್ತಾರೆ. ಅದೇ ಅವನ ಚಿಕ್ಕಪ್ಪನ ಮಗ ಮುನಿರಾಜನನ್ನು ನೋಡಿ. ಚೆಂಡು ಪೂರ್ವಕ್ಕೆ ಹೋಗಲಿ ಅಂತ ಹೊಡೆದರೆ ಪಶ್ಚಿಮಕ್ಕೆ ಹೋಗುವ ಕೈ ಅವನದು. ಆದರೆ ಮೈದಾನದ ಮೇಲೆ ಬೆಳಗಿಂದ ಸಂಜೆವರೆಗೂ ಅವನದೇ ಹೆಸರು.

ದಂಡಿನ ಕಾಲದಲ್ಲಿ ಬಿಳಿಯರು ಮಾಡಿಸಿದ ಹಳೇ ಗಾಲ್ಫ್ ಮೈದಾನ ಅದು. ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ದೂರದ ಕುಳಿಗೆ ಚೆಂಡು ಸೇರಿಸುವ ಆಟ, ಸೇರಿಸಲಿಕ್ಕೆ ಬಿಡಬಾರದು ಅಂತಲೇ ದಾರಿಯಲ್ಲಿ ಮರಳಿನ ಗುಂಡಿ ತೋಡಿರುತ್ತಾರೆ. ಅದಕ್ಕೆ ಬಂಕರ್ ಅಂತಾರೆ. ಚೆಂಡು ಅದರೊಳಗೆ ಬಿತ್ತೋ, ಅಲ್ಲೇ ಇಳಿದು, ಅಲ್ಲಿಂದಲೇ ಹೊಡೆದು ಹೊರಗೆ ತರಬೇಕು. ಹದಿನೇಳನೇ ಕುಳಿಯ ಮುಂದಿರುವ ಬಂಕರ್ ಇದೆಯಲ್ಲ, ಅದನ್ನು ಬಂಕರ್ ಅನ್ನುವುದಕ್ಕಿಂತ ಬಾವಿ ಅಂದರೆ ಸರಿ. ಆಳೆತ್ತರದ ಗುಂಡಿ. ಎದುರಿಗೆ ರೈಲು ಹಳಿಯ ಕೆಳಗೆ ಹಾಕುವಂಥ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಗೋಡೆ, ಗೋಡೆಯ ನೆತ್ತಿಗೆ ಹುಲ್ಲಿನ ಹುಬ್ಬು. ಇಳಿಯಲಿಕ್ಕೆ ಹಿಂದುಗಡೆ ಕಲ್ಲಿನ ಮೆಟ್ಟಿಲು.

ಆ ಕ್ಲಬ್ಬಿನಲ್ಲಿ ಬಂಕರಿಗೆ ಹೆಸರಿಡುವ ಹಕ್ಕು ಆಟಗಾರರ ಚೀಲ ಹೊರುವ ಕ್ಯಾಡಿಗಳದ್ದು. ಸಮಿತಿಯವರು ಏನೇ ಹೆಸರಿಟ್ಟರೂ ನಿಲ್ಲುವುದಿಲ್ಲ. ಯಾವ ಗುಂಡಿಯಲ್ಲಿ ಯಾರು ಮರೆಯಲಾಗದ ಹಾಗೆ ಒದ್ದಾಡುತ್ತಾರೋ ಆ ಗುಂಡಿ ಅವರದ್ದು. ಕರ್ನಲ್ ಗೋರಿ ಅಂತ ಒಂದಿದೆ, ಮೇಡಂ ತೊಟ್ಟಿ ಅಂತ ಇನ್ನೊಂದಿದೆ. ಒಂದು ದೊಡ್ಡ ಪಂದ್ಯದ ದಿನ, ಜನ ಸುತ್ತಲೂ ನೆರೆದಿರುವಾಗ, ಮುನಿರಾಜ ಈ ಬಾವಿಗೆ ಬಿದ್ದ. ಹೊಡೆದ, ಹೊಡೆದ, ಹೊಡೀತಾನೇ ಇದ್ದ. ಮರಳು ಮೇಲೆ ಬಂತು, ಬೈಗುಳ ಮೇಲೆ ಬಂತು, ಚೆಂಡು ಮಾತ್ರ ಬರಲಿಲ್ಲ. ಕೊನೆಗೆ ಚೆಂಡನ್ನು ಕೈಯಲ್ಲೇ ಎತ್ತಿ ಹೊರಗೆಸೆದು, ಮರಳಲ್ಲಿ ಮಿಂದ ಮೈಯಲ್ಲೇ ಮೇಲೆ ಬಂದು, ಎಲ್ಲರಿಗೂ ಬಗ್ಗಿ ಕೈಮುಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿಂದ ಅದು ಮುನಿರಾಜನ ಗುಂಡಿ. ಮುಂಬೈಯಿಂದ ಅತಿಥಿಗಳು ಬಂದರೆ ಮೊದಲು ಅದನ್ನೇ ತೋರಿಸುತ್ತಾರೆ. ಆಮೇಲೆ ಮುನಿರಾಜನನ್ನೂ ಕರೆಸಿ ತೋರಿಸುತ್ತಾರೆ, ಅವನೂ ಹಲ್ಲು ಕಿರಿದು ಮತ್ತೊಮ್ಮೆ ಬಗ್ಗಿ ಕೈಮುಗಿಯುತ್ತಾನೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು, ಮುನೀಂದ್ರ ಒಂದಿಷ್ಟು ತಿಂಗಳಿಗೆ ದೊಡ್ಡವನು. ತಾತನ ರಾಗಿ ಹೊಲದ ಪಕ್ಕದಲ್ಲೇ ಈ ಮೈದಾನದ ಬೇಲಿ. ಚಿಕ್ಕವರಿದ್ದಾಗ ಇಬ್ಬರೂ ಅದೇ ಬೇಲಿ ನುಸುಳಿ ಚೆಂಡು ಕದಿಯುತ್ತಿದ್ದರು. ಹೊಲದಲ್ಲಿ ಆಫೀಸುಗಳೆದ್ದು ಬಾಡಿಗೆ ಬರತೊಡಗಿದ ಮೇಲೆ ಅದೇ ಕ್ಲಬ್ಬಿಗೆ ಗೇಟಿನಿಂದಲೇ ಮೆಂಬರಾಗಿ ಒಳಗೆ ಹೋದರು. ಮುನೀಂದ್ರ ಬಿಸಿಲು ಮಳೆ ಅನ್ನದೆ ಆಟ ಕಲಿತ. ಮುನಿರಾಜ ಏನು ಕಲಿತ? ಬೀಳೋದು ಕಲಿತ. ಬಿದ್ದದ್ದಕ್ಕೇ ರಾಜನಾಗಿಬಿಟ್ಟ.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಹೆಂಡತಿ ಸುಕನ್ಯ ಕೂಡ ಮುನಿರಾಜ ಬಂದರೆ ಕಾಫಿಗೆ ಇನ್ನೊಂದು ಚಮಚ ಡಿಕಾಕ್ಷನ್ ಜಾಸ್ತಿ ಹಾಕುತ್ತಿದ್ದಳು.

"ಅವ್ನು ಸೋತು ನಗಿಸ್ತಾನೆ. ನೀವು ಗೆದ್ದು ಗಂಟು ಮುಖ ಹಾಕ್ಕೊಂಡು ಬರ್ತೀರ. ಯಾರ್‌ಗೆ ಬೇಕ್ರೀ ನಿಮ್ ಕಪ್ಪು?" ಅಂದಿದ್ದಳು ಒಂದು ದಿನ. ಮುನೀಂದ್ರ ಅವತ್ತು ಊಟ ಮಾಡಲಿಲ್ಲ.

ಹೀಗಿರುವಾಗ ಕ್ಲಬ್ಬಿನವರು ಮೈದಾನ ರಿಪೇರಿಗೆ ಅಂತ ನಂದಿತಾ ಅನ್ನುವವಳನ್ನು ಕರೆಸಿದರು. ಹಳೇ ಗಾಲ್ಫ್ ಮೈದಾನಗಳನ್ನು ಮೊದಲಿದ್ದ ಹಾಗೆ ಮಾಡಿಕೊಡುವುದು ಅವಳ ಕಸುಬು. ಹುಡುಗಿ ತಲೆಗೊಂದು ಟೋಪಿ ಹಾಕಿಕೊಂಡು ಮೈದಾನವನ್ನೆಲ್ಲ ಸುತ್ತಿದಳು, ಅದು ಬೇಡ ಇದು ಮುಚ್ಚಿ ಅಂದಳು. ಹದಿನೇಳನೇ ಕುಳಿಯ ಹತ್ತಿರ ಬಂದವಳು ಮಾತು ನಿಲ್ಲಿಸಿದಳು. ಮೆಟ್ಟಿಲಿಳಿದು, ಆ ದಿಮ್ಮಿಗಳ ಮೇಲೆ ಅಂಗೈ ಇಟ್ಟು, ಒಂದೊಂದನ್ನೂ ಸವರಿ ನೋಡಿದಳು.

ಆಮೇಲೆ ಸಮಿತಿಯ ಮುಂದೆ ಕೂತು ಹೇಳಿದಳು: "ನಿಮ್ ಕೋರ್ಸಲ್ಲಿ ಉಳಿದಿರೋ ಒಂದೇ ಒಂದು ಒರಿಜಿನಲ್ ಬಂಕರ್ ಇದು. ದೂರದಿಂದ ನೋಡಿದ್ರೆ ಗೋಡೆ ಕಾಣಲ್ಲ, ಹುಲ್ಲು ಮಾತ್ರ ಕಾಣುತ್ತೆ. ಹತ್ರ ಬಂದ್ಮೇಲೆ ಎದೆ ಝಲ್ ಅನ್ನುತ್ತೆ. ಹಾಗನ್ನಿಸ್ಲಿ ಅಂತಾನೇ ಮಾಡಿದಾರೆ. ಇಂಥವು ಈಗ ಯಾರೂ ಮಾಡಲ್ಲ. ದಿಮ್ಮಿ ಸರಿ ಮಾಡ್ಸಿ, ಮೆಟ್ಟಿಲ ಪಕ್ಕ ಒಂದು ಕಲ್ಲು ನಿಲ್ಸಿ, ಕ್ಯಾಡಿಗಳು ಇಟ್ಟಿರೋ ಹೆಸರನ್ನೇ ಕೆತ್ತಿಸೋಣ. ಆ ಹೆಸರೂ ಈ ಜಾಗದ ಚರಿತ್ರೆ ಅಲ್ವಾ?"

ಕಲ್ಲು! ಸಮಿತಿಯಲ್ಲಿ ಕೂತಿದ್ದ ಮುನೀಂದ್ರನ ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು. ತನ್ನದು ಮರದ ಮೇಲೆ ಬಣ್ಣ, ಅವನದು ಕಲ್ಲಿನ ಮೇಲೆ ಕೆತ್ತನೆ. ಮೊಮ್ಮಕ್ಕಳ ಮೊಮ್ಮಕ್ಕಳು ಬಂದು ನೋಡಬೇಕಾದದ್ದು ಮುನಿರಾಜನ ಹೆಸರು. ಕಪ್ ಗೆದ್ದ ಇವನು ಯಾರೋ, ಎಲ್ಲಿಯವನೋ.

"ಅದನ್ನ ಮುಚ್ಚಿಬಿಡ್ಬೇಕು," ಅಂದುಬಿಟ್ಟ. ಎಲ್ಲರೂ ತಿರುಗಿ ನೋಡಿದರು. "ಅಲ್ಲ, ವಯಸ್ಸಾದೋರು ಇದಾರೆ, ಮಂಡಿ ನೋವಿನೋರು ಇದಾರೆ. ಬಿದ್ರೆ ಮೇಲೆ ಬರೋಕಾಗಲ್ಲ. ಆಟ ಅಂದ್ರೆ ನ್ಯಾಯವಾಗಿರ್ಬೇಕು."

ನ್ಯಾಯವಂತೆ ನ್ಯಾಯ! ಹೊಟ್ಟೆಕಿಚ್ಚಿಗೆ ಎಷ್ಟು ಒಳ್ಳೆ ಅಂಗಿ ಹೊಲಿಸಿದ ನೋಡಿ. ಆದರೆ ಮಂಡಿ ನೋವಿನವರು ಸಮಿತಿಯಲ್ಲಿ ನಿಜವಾಗಿಯೂ ಇದ್ದರು. ಹೌದು ಹೌದು ಅಂತ ತಲೆಯಾಡಿಸಿದರು. ಮಾತು ಎರಡು ಪಾಲಾಯಿತು.

ನಂದಿತಾ ಜಗಳ ಆಡಲಿಲ್ಲ. "ಒಂದ್ ಕೆಲ್ಸ ಮಾಡೋಣ. ನಿಮ್ಮಲ್ಲಿ ಎಲ್ರಿಗಿಂತ ಚೆನ್ನಾಗಿ ಆಡೋರು ಒಬ್ರು ಇಳೀಲಿ. ಮೂರು ಏಟು. ಒಂದ್ರಲ್ಲಾದ್ರೂ ಚೆಂಡು ಹೊರಗೆ ಬಂದ್ರೆ, ಆಡೋಕೆ ಬರೋನಿಗೆ ಇದು ನ್ಯಾಯವಾಗೇ ಇದೆ ಅಂತ ಅರ್ಥ, ಉಳಿಸೋಣ. ಬರ್ಲಿಲ್ವಾ, ಮಣ್ಣು ಹಾಕ್ಸಿ, ನಾನು ಮಾತಾಡಲ್ಲ."

ಕ್ಲಬ್ಬಿನ ಕ್ಯಾಪ್ಟನ್ ಡಾಕ್ಟರ್ ಸುಗತ ನಕ್ಕರು. "ಎಲ್ರಿಗಿಂತ ಚೆನ್ನಾಗಿ ಆಡೋರು ಯಾರು ಅಂತ ಹುಡುಕ್ಬೇಕಾ? ಮುನೀಂದ್ರ, ಭಾನುವಾರ ಬೆಳಿಗ್ಗೆ ನೀವೇ ಇಳೀರಿ."

ಮುನೀಂದ್ರನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗೋ ಹಾಗೂ ಇಲ್ಲ ಉಗುಳೋ ಹಾಗೂ ಇಲ್ಲ. ಹೊರಗೆ ಹೊಡೆದರೆ ತನ್ನ ಮಾನ ಉಳಿಯುತ್ತದೆ, ಮುನಿರಾಜನ ಕಲ್ಲು ನಿಲ್ಲುತ್ತದೆ. ಹೊಡೆಯದಿದ್ದರೆ ಮುನಿರಾಜನ ಗುಂಡಿ ಮಣ್ಣಾಗುತ್ತದೆ, ಅದರ ಜೊತೆ ತನ್ನ ಹೆಸರೂ. ಶನಿವಾರವೆಲ್ಲ ತಲೆಯಲ್ಲಿ ಅದನ್ನೇ ಅರೆದ. ಸುಕನ್ಯ ಏನು ಕೇಳಿದರೂ "ಹೂಂ" ಅಂದ.

ಭಾನುವಾರ ಗುಂಡಿಯ ಸುತ್ತ ಜಾತ್ರೆ. ಮೆಂಬರುಗಳು, ಅವರ ಹೆಂಡಂದಿರು, ಕೆಲಸ ಬಿಟ್ಟು ಬಂದ ಕ್ಯಾಡಿಗಳು. ಹುಲ್ಲಿನ ಹುಬ್ಬಿನ ಮೇಲೆ ಮುನಿರಾಜ ಮನೆ ಯಜಮಾನನ ಹಾಗೆ ನಿಂತಿದ್ದ.

"ಬಾ ಮಗಾ, ನಮ್ಮನೆಗೆ ಇವತ್ತು ಬಂದ್ಯಾ? ಚಪ್ಲಿ ಹೊರಗೆ ಬಿಡು!" ಅಂದ. ಎಲ್ಲರೂ ಗೊಳ್ಳೆಂದರು.

ನಗ್ತಾನೆ, ನಗಿಸ್ತಾನೆ. ಮುನೀಂದ್ರ ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದ.

ಇಷ್ಟು ವರ್ಷ ಆಡಿದರೂ ಅವನು ಅದರೊಳಗೆ ಕಾಲಿಟ್ಟವನಲ್ಲ. ಕೆಳಗೆ ತಣ್ಣಗಿತ್ತು. ರಿಂಗ್ ರೋಡಿನ ಸದ್ದು ಮೇಲೆಯೇ ಉಳಿಯಿತು. ದಿಮ್ಮಿಗಳು ಸ್ವಲ್ಪವೇ ಸ್ವಲ್ಪ ಮುಂದಕ್ಕೆ ಬಾಗಿ ನಿಂತಿದ್ದವು. ಮೇಲಿಂದ ಅದು ಯಾರಿಗೂ ಕಾಣುತ್ತಿರಲಿಲ್ಲ. ಎಡಗಡೆ ಮೂಲೆಯಲ್ಲಿ ಹುಬ್ಬು ಒಂದು ಗೇಣು ತಗ್ಗಾಗಿತ್ತು. ಓಹೋ, ದಾರಿ ಅಲ್ಲಿದೆ! ಹೆದರಿದವನಿಗೆ ಕಾಣಬಾರದು, ಹುಡುಕಿದವನಿಗೆ ಸಿಗಬೇಕು, ಹಾಗೆ ಮಾಡಿದ್ದ ಇದನ್ನು ಕಟ್ಟಿದ ಪುಣ್ಯಾತ್ಮ. ಎಂಥ ಕೈ ಅವನದು! ಮುನೀಂದ್ರನಿಗೆ ಮೈ ಜುಂ ಅಂದಿತು. ಈ ಕ್ಲಬ್ಬಿನಲ್ಲಿ ಇದನ್ನು ಅರ್ಥ ಮಾಡಿಕೊಳ್ಳಬಲ್ಲವನು ತಾನೊಬ್ಬನೇ ಅಂತ ಅನ್ನಿಸಿತು. ಅಂಥದ್ದಕ್ಕೆ ಆ ಕೋತಿಯ ಹೆಸರು. ಅದನ್ನು ನೆನೆದದ್ದೇ ತಡ, ಜುಂ ಅಂದದ್ದೆಲ್ಲ ಇಳಿದುಹೋಯಿತು.

ಕ್ಯಾಡಿ ರಾಮಣ್ಣ ಮರಳಿನ ಮೇಲೆ ಚೆಂಡಿಟ್ಟ. "ಎಡಗಡೆ ಮೂಲೆ ಸಾರ್," ಅಂದ ಮೆಲ್ಲಗೆ.

"ಗೊತ್ತು ಬಿಡೋ."

ಮೊದಲ ಏಟು. ಕೈಗೆ ವಿಷಯ ತಿಳಿಸಿರಲಿಲ್ಲವೇನೋ, ಅದು ತನ್ನ ಪಾಡಿಗೆ ಸರಿಯಾಗಿ ಹೊಡೆಯಹೊರಟಿತು. ಕೊನೇ ಗಳಿಗೆಯಲ್ಲಿ ಮುನೀಂದ್ರ ಮಣಿಕಟ್ಟು ಬಿಗಿ ಹಿಡಿದ. ಚೆಂಡು ದಿಮ್ಮಿಯ ನೆತ್ತಿಗೆ ಟಪ್ ಎಂದು ಬಡಿದು ಕಾಲ ಬಳಿ ಬಂದು ಕೂತಿತು. ಮೇಲೆ "ಅಯ್ಯೋ" ಅಂದರು. ಎರಡನೇ ಏಟಿಗೆ ಮರಳು ಮಾತ್ರ ಹಾರಿತು.

ಮೂರನೆಯದಕ್ಕೆ ತಲೆಯೆತ್ತಿ ನೋಡಿದ. ನಂದಿತಾ ಎರಡೂ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದಳು, ಮಗು ಪರೀಕ್ಷೆ ಬರೆಯುವಾಗ ತಾಯಿ ನಿಂತ ಹಾಗೆ. ಮುನಿರಾಜನ ನಗು ನಿಂತಿತ್ತು. ಅವನು ಇವನ ಕೈಯನ್ನೇ ದಿಟ್ಟಿಸುತ್ತಿದ್ದ. ಹೊಡೆದುಬಿಡೋ, ಉಳಿಸಿಬಿಡೋ, ಇಂಥದ್ದು ಇನ್ನೊಂದು ಹುಟ್ಟಲ್ಲ ಅಂತ ಒಳಗಿಂದ ಒಂದು ಮಾತು ಬಂತು. ಬಂದದ್ದು ನಿಜ, ಸುಳ್ಳು ಹೇಳಬಾರದು. ಆದರೆ ಅದರ ಹಿಂದೆಯೇ ಕಲ್ಲು ಬಂತು, ಕಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಆ ಹೆಸರು ಬಂತು. ಮುನೀಂದ್ರ ಕಣ್ಣು ತೆರೆದುಕೊಂಡೇ ಚೆಂಡಿನ ತಲೆಗೆ ಹೊಡೆದ. ಅದು ನೇರ ಹೋಗಿ ದಿಮ್ಮಿಯ ಬುಡಕ್ಕೆ ಸಿಕ್ಕಿಕೊಂಡಿತು.

ಯಾರೂ ನಗಲಿಲ್ಲ. ಮುನಿರಾಜ ಒದ್ದಾಡಿದಾಗ ಬಿದ್ದು ಬಿದ್ದು ನಕ್ಕ ಜನ ಈಗ ಬೂಟು ನೋಡಿಕೊಂಡರು, ಕೆಮ್ಮಿದರು, ತಿಂಡಿಯ ಮಾತೆತ್ತಿದರು. ಸೋಲಲಿಕ್ಕೂ ಅದೃಷ್ಟ ಬೇಕೇನೋ! ಅದೂ ಅವನಿಗೇ ಇತ್ತಲ್ಲ ಅಂತ ಮೆಟ್ಟಿಲು ಹತ್ತುವಾಗ ಮುನೀಂದ್ರನ ಹೊಟ್ಟೆ ಇನ್ನಷ್ಟು ಉರಿಯಿತು. ನಂದಿತಾ ಅವನನ್ನು ದಾಟಿ ಕೆಳಗಿಳಿದು ದಿಮ್ಮಿಯ ಬುಡದಿಂದ ಚೆಂಡು ಬಿಡಿಸಿ ತಂದು ರಾಮಣ್ಣನ ಕೈಗೆ ಕೊಟ್ಟಳು.

ಮುಂದಿನ ವಾರ ಜೆಸಿಬಿ ಬಂತು. ದಿಮ್ಮಿಗಳು ಸುಲಭಕ್ಕೆ ಬರಲಿಲ್ಲ, ಒಂದೊಂದೂ ಕಿರುಗುಟ್ಟಿಕೊಂಡು ಬಂತು. ಸಂಜೆಯ ಹೊತ್ತಿಗೆ ಅಲ್ಲಿ ಕೆಮ್ಮಣ್ಣಿನ ದಿಬ್ಬ. ಗೆದ್ದೆ ಅಂತ ಮುನೀಂದ್ರ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಎದೆ ಮಾತ್ರ ಭಣಭಣ ಅನ್ನುತ್ತಿತ್ತು. ಕಾರಿನ ಹತ್ತಿರ ಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಕೈ ಹಿಡಿದರು. ಮುನಿರಾಜ.

"ಬೇಕಂತಲೇ ಬಿಟ್ಟೆ ನೀನು," ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮುನೀಂದ್ರ ಕೈ ಬಿಡಿಸಿಕೊಂಡ. "ಏನ್ ಮಾತಾಡ್ತೀಯೋ? ಕೈ ಕೊಡ್ತು, ಅಷ್ಟೇ."

"ನಂಗ್ ಹೇಳ್ಬೇಡ. ಗೋಲಿ ಆಡೋ ಕಾಲದಿಂದ ನಿನ್ ಕೈ ನೋಡಿದೀನಿ. ಮೊದಲ್ನೇ ಏಟು ಹೊರಗೆ ಹೋಗ್ತಿತ್ತು, ನೀನೇ ತಡೆದೆ." ಮುನಿರಾಜ ಅವನ ಕೈಯನ್ನು ಮತ್ತೆ ಹಿಡಿದುಕೊಂಡ. "ಅಷ್ಟು ಜನದ್ ಮುಂದೆ ಮಾನ ಕಳ್ಕೊಂಡ್ಯಲ್ಲೋ, ನನಗೋಸ್ಕರ."

"ನಿನಗೋಸ್ಕರ?"

"ಇನ್ಯಾರಿಗೆ? ನಾನ್ ಬಾಯ್ಬಿಟ್ಟು ಹೇಳ್ದೆ ಇದ್ರೂ ನಿಂಗೆ ಗೊತ್ತಾಯ್ತಲ್ಲ." ಮುನಿರಾಜ ಅಂಗಿ ತೋಳಿನಲ್ಲಿ ಕಣ್ಣೊರೆಸಿಕೊಂಡ. "ನಮ್ ಯಮುನಾ ನಿಶ್ಚಿತಾರ್ಥದ ದಿನ ಗಂಡಿನ ಕಡೆಯೋರೊಬ್ರು, ಓ ಗುಂಡಿ ಮುನಿರಾಜಪ್ಪನ ಮಗಳಾ ಅಂದ್ರು. ಮಗಳು ತಲೆ ತಗ್ಗಿಸ್ಬಿಟ್ಲು ಕಣೋ. ನಾನು ಅಲ್ಲೂ ನಕ್ಕೆ. ನಾನು ನಗ್ದೆ ಇದ್ರೆ ಅವ್ರು ಇನ್ನೂ ನಗ್ತಾರೆ ಅಂತ ಇಷ್ಟು ವರ್ಷ ನಾನೇ ಮೊದ್ಲು ನಗ್ತಾ ಬಂದೆ. ಕಲ್ಲಲ್ಲಿ ಬೇರೆ ಕೆತ್ತಿಸ್ತಾರೆ ಅಂದಾಗ ನೇಣು ಹಾಕ್ಕೊಳ್ಳೋಣ ಅನ್ಸಿತ್ತು. ಬೇಡ ಅಂತ ಸಮಿತಿಗೆ ಹೇಳೋಕೂ ನಾಚಿಕೆ. ನೀನು ಮುಚ್ಚಿಸ್ದೆ." ಹುಟ್ಟಿದಾಗಿನಿಂದ ಏಕವಚನದಲ್ಲಿ ಹೆಸರು ಹಿಡಿದೇ ಕೂಗಿದವನು, ಆ ಕ್ಲಬ್ಬಿನ ಅಂಗಳದಲ್ಲಿ, ಡ್ರೈವರುಗಳೆಲ್ಲ ನೋಡುತ್ತಿರುವಾಗಲೇ ಬಗ್ಗಿ ಇವನ ಕಾಲು ಮುಟ್ಟಿದ. "ಅಣ್ಣಾ," ಅಂದ.

ಹೇಳಿಬಿಡಬೇಕು ಅನ್ನಿಸಿತು ಮುನೀಂದ್ರನಿಗೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದೆ ಕಣೋ, ಪಾಪಿ ನಾನು, ಅಷ್ಟು ಚೆಂದದ್ದನ್ನ ಕಿತ್ತು ಹಾಕಿಸಿದೆ, ನೀನು ಒಂದು ಮಾತು ಹೇಳಿದ್ದರೆ ಹೆಸರು ಬೇಡ ಅಂತ ಸಮಿತಿಯಲ್ಲಿ ನಾನೇ ಹೇಳುತ್ತಿದ್ದೆ, ಗುಂಡಿ ಉಳಿಯುತ್ತಿತ್ತು. ನಾಲಿಗೆ ತುದಿಯವರೆಗೂ ಬಂತು.

"ಇರ್ಲಿ ಬಿಡೋ," ಅಂದ.

ಮುನಿರಾಜ ಅವನನ್ನು ಒಮ್ಮೆ ಗಟ್ಟಿಯಾಗಿ ತಬ್ಬಿ, ಮೂಗೊರೆಸಿಕೊಂಡು, ಕ್ಯಾಡಿಗಳಿಗೆ ಏನೋ ಕೂಗಿ ಹೇಳುತ್ತಾ ಗೇಟಿನ ಕಡೆ ಹೊರಟ. ನಡಿಗೆಯೇ ಬೇರೆಯಾಗಿತ್ತು, ಪರೀಕ್ಷೆ ಮುಗಿಸಿದ ಹುಡುಗನ ನಡಿಗೆ. ಎದೆಯಲ್ಲಿ ಏನೂ ಮುಚ್ಚಿಟ್ಟುಕೊಳ್ಳದೆ, ನಾಲ್ಕು ಜನರ ಮುಂದೆ ಅತ್ತು, ಇಷ್ಟು ಹಗುರಾಗಿ ಹೋಗಲಿಕ್ಕೆ ಇವನಿಗೆ ಹೇಗೆ ಬರುತ್ತದೆ? ಮುನೀಂದ್ರ ಅವನ ಬೆನ್ನನ್ನೇ ನೋಡುತ್ತಾ ನಿಂತ, ಮತ್ತೆ ಅವನ ಹೊಟ್ಟೆ ಉರಿಯತೊಡಗಿತು.